ಶನಿವಾರದವರೆಗೆ ಒಂದು ಮುನಿಸು

ಆ ಮಂಗಳವಾರ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿ ಇಳಿದಿತ್ತೆಂದರೆ, ಲಾಂಡ್ರಿಯೊಳಗಿನ ಹಬೆ ಎಲ್ಲಿ ಮುಗಿಯಿತು, ಹೊರಗಿನ ಮಂಜು ಎಲ್ಲಿ ಶುರುವಾಯಿತು ಎಂದು ಯಾರಿಗೂ ಹೇಳಲಾಗುತ್ತಿರಲಿಲ್ಲ. ಬಟ್ಟೆಗಳಿಂದ ಬಿದ್ದುಹೋದ ಗುಂಡಿಗಳನ್ನು ಹೊಲಿಯುವ ಮುದುಕಿ, ಎಲ್ಲರ ಬಾಯಲ್ಲೂ ಗುಂಡಿ ಚಿಕ್ಕಮ್ಮ, ಬಾಗಿಲು ದಾಟಿ ಹತ್ತು ಹೆಜ್ಜೆ ಒಳಗೆ ಬಂದ ಮೇಲೂ ತಲೆಯ ಮೇಲಿನ ಶಾಲು ತೆಗೆಯದೆ, "ಇವತ್ತು ದಾರಿ ಮುಗೀತಾನೇ ಇಲ್ಲವಲ್ಲ" ಎಂದು ಗೊಣಗುತ್ತ ಒಗೆಯುವ ಮೆಶಿನ್ನಿಗೆ ಡಿಕ್ಕಿ ಹೊಡೆದಳು. ದೇವರು ಕೆಲವು ದಿನ ಲೋಕವನ್ನು ಅರ್ಧಂಬರ್ಧ ಒರೆಸಿಟ್ಟು, ಉಳಿದದ್ದನ್ನು ನೀವೇ ತುಂಬಿಕೊಳ್ಳಿ ಎಂದು ಬಿಟ್ಟುಬಿಡುತ್ತಾನೆ. ಅಂಥ ದಿನ ಅದು.

ಇಸ್ತ್ರಿಯಮ್ಮನ ಎದುರಿಗೂ ತುಂಬಬೇಕಾದ ಒಂದು ಜಾಗ ಖಾಲಿ ಬಿದ್ದಿತ್ತು. ಅದು ಅವಳ ಇಂಗ್ಲಿಷ್ ನೋಟ್‌ಬುಕ್ಕಿನಲ್ಲಿ.

ಇಸ್ತ್ರಿಯಮ್ಮ ಆ ಲಾಂಡ್ರಿಯಲ್ಲಿ ಹತ್ತೊಂಬತ್ತು ವರ್ಷದಿಂದ ನಿಂತವಳು. ನಿಂತವಳು ಎಂದರೆ ಅಕ್ಷರಶಃ ನಿಂತವಳೇ. ಹೋಟೆಲುಗಳ ಹಾಸಿಗೆ ಹೊದಿಕೆ, ಆಸ್ಪತ್ರೆಯವರ ಬಿಳಿ ಕೋಟು, ಎಲ್ಲವೂ ಅವಳ ಮೇಜಿನ ಮೇಲೆ ಹಾದು ಮಡಿಕೆಯಾಗಿ ಹೋಗುತ್ತಿದ್ದವು. ಇಡೀ ಕಟ್ಟಡದಲ್ಲಿ ಕೂತು ಮಾಡುವ ಕೆಲಸ ಎರಡೇ: ಒಂದು ಗುಂಡಿ ಹೊಲಿಯುವುದು, ಇನ್ನೊಂದು ಕಿಟಕಿ ಪಕ್ಕದ ಕುರ್ಚಿಯಿಂದ ಮಾಡುವ ಮೇಲ್ವಿಚಾರಣೆ. ಆ ಕುರ್ಚಿಯಲ್ಲಿದ್ದವರು ನಿವೃತ್ತರಾಗಿ ಎರಡು ತಿಂಗಳಾಗಿತ್ತು. ಅಲ್ಲಿ ಕೂರುವವರು ಹೋಟೆಲಿನವರು ಇಂಗ್ಲಿಷಿನಲ್ಲಿ ಬರೆದು ಕಳಿಸುವ ಚೀಟಿಗಳಿಗೆ ಉತ್ತರ ಬರೆಯಬೇಕು, ಹಾಗಾಗಿ ಮಧ್ಯಮ ದರ್ಜೆಯ ಇಂಗ್ಲಿಷ್ ಪರೀಕ್ಷೆ ಪಾಸಾದವರಿಗೇ ಕುರ್ಚಿ ಎಂದು ಮಾಲೀಕರು ಹೇಳಿಬಿಟ್ಟರು. ಇಸ್ತ್ರಿಯಮ್ಮನ ಮನಸ್ಸು ಆ ಕುರ್ಚಿಯನ್ನು ಬಯಸುವುದಕ್ಕೆ ಮೊದಲೇ ಅವಳ ಮೊಣಕಾಲುಗಳು ಬಯಸಿಯಾಗಿತ್ತು.

ಪರೀಕ್ಷೆ ಎಂದರೆ ನಲವತ್ತು ಪದಗಳು. ಪ್ರತಿ ಪದಕ್ಕೂ ತನ್ನದೇ ಮಾತಿನಲ್ಲಿ ಅರ್ಥ, ಕೆಳಗೆ ಒಂದು ಉದಾಹರಣೆ ವಾಕ್ಯ. ಶನಿವಾರ ಪರೀಕ್ಷಕರು ಬಂದು ನೋಟ್‌ಬುಕ್ಕು ನೋಡಿ ಪ್ರಶ್ನೆ ಕೇಳುತ್ತಾರೆ. ಒಂದೇ ಒಂದು ಪದ ಖಾಲಿ ಇದ್ದರೂ ನೋಟ್‌ಬುಕ್ಕು ವಾಪಸ್ಸು, ಮತ್ತೆ ಒಂದು ವರ್ಷ ಕಾಯಬೇಕು. ಅಷ್ಟರಲ್ಲಿ ಕುರ್ಚಿಗೆ ಹೊರಗಿನಿಂದ ಯಾರಾದರೂ ಬಂದಿರುತ್ತಾರೆ.

ಮಂಗಳವಾರ, ಗುರುವಾರ ಊಟದ ಹೊತ್ತಿನಲ್ಲಿ ಬಂದು ಪಾಠ ಹೇಳುತ್ತಿದ್ದ ಮೇಷ್ಟ್ರು ಎರಡು ನಿಯಮ ಹಾಕಿದ್ದರು. ವಾಕ್ಯ ನಿಮ್ಮ ಬದುಕಿನಿಂದಲೇ ಬರಬೇಕು, ಅದರಲ್ಲಿ ನೀವಿರಬೇಕು ಎಂಬುದು ಒಂದು. 'ಇಲ್ಲ' ಎನ್ನುವ ವಾಕ್ಯ ಇಡೀ ನೋಟ್‌ಬುಕ್ಕಿಗೆ ಒಂದೇ ಎಂಬುದು ಇನ್ನೊಂದು. ಏಕೆಂದರೆ ಹಿಂದಿನ ಸಲದವರು ನಲವತ್ತೂ ಪದಕ್ಕೆ ನನ್ನ ಹತ್ತಿರ ಅದು ಇಲ್ಲ, ನನಗೆ ಇದು ಇಲ್ಲ ಎಂದು ಬರೆದು ಪಾಸಾಗಿದ್ದರು.

ಮೇಷ್ಟ್ರಿಗೆ ಅದು ಪಾಠದ ಉಪಾಯ. ಇಸ್ತ್ರಿಯಮ್ಮನಿಗೆ ಅದು ವ್ರತವಾಯಿತು. ಮಾತು ಗಾಳಿಗೆ ಹೋಗುತ್ತದೆ, ಅದರಲ್ಲಿ ಒಂದೆರಡನ್ನು ದೇವರು ಕೇಳಿಸಿಕೊಳ್ಳದಿದ್ದರೂ ನಡೆಯುತ್ತದೆ. ಆದರೆ ಕಾಗದದ ಮೇಲಿನದ್ದನ್ನು ಅವನು ಬಿಡುವಾದಾಗ ಕೂತು ಓದುತ್ತಾನೆ ಎಂದು ಅವಳ ನಂಬಿಕೆ. ಆದ್ದರಿಂದ ನಡೆಯದೆ ಇದ್ದದ್ದನ್ನು ಅವಳು ಬರೆಯಳು. ಬರೆಯಲೇಬೇಕಾದರೆ ಮೊದಲು ನಡೆಸಿ, ಆಮೇಲೆ ಬರೆಯುತ್ತಿದ್ದಳು.

ರಿಲಕ್ಟಂಟ್ ಎಂಬ ಪದಕ್ಕೆ ಅರ್ಥ ಸುಲಭವಾಗಿ ಬಂತು: ಮಾಡಬೇಕಾದರೂ ಮನಸ್ಸು ಹಿಂದೆ ಜಗ್ಗುವುದು. ವಾಕ್ಯಕ್ಕೆ ಗಂಡನನ್ನು ಹಿಡಿದಳು. "ರೀ, ನಿಮ್ಮ ಅಂಗಿ ನೀವೇ ಒಗೆದುಕೊಳ್ತೀರಾ?" ಎಂದಳು. ಬಸ್ಸಿನಲ್ಲಿ ಟಿಕೆಟ್ಟು ಹರಿಯುವ ಆ ಸಾಧು ಪ್ರಾಣಿ, "ಓಹೋ, ಕೊಡು" ಎಂದು ಎದ್ದೇಬಿಟ್ಟ. ಪದ ಹಾಳಾಯಿತು. ಪಾತ್ರೆ ತೊಳೆಯುತ್ತೀರಾ ಎಂದಳು, ಅದನ್ನೂ ತೊಳೆದ. ಕೊನೆಗೆ ಮೀಸೆ ಬೋಳಿಸಿಕೊಳ್ಳಿ ಎಂದಾಗ ಅವನ ಕೈ ತಾನಾಗಿ ಮೀಸೆಯ ಮೇಲೆ ಹೋಯಿತು. "ಸಾಕು, ಸಾಕು, ಸಿಕ್ಕಿತು" ಎಂದು ಇಸ್ತ್ರಿಯಮ್ಮ ಪೆನ್ನು ಹುಡುಕಿದಳು.

ಇಂಟರಪ್ಟ್ ಎಂಬ ಪದಕ್ಕಾಗಿ ಮೇಷ್ಟ್ರು ಗಂಭೀರವಾಗಿ ಪಾಠ ಮಾಡುತ್ತಿದ್ದಾಗ ನಡುವೆ ಬಾಯಿ ಹಾಕಿ, "ಕ್ಷಮಿಸಿ ಮೇಷ್ಟ್ರೇ, ಏನಿಲ್ಲ, ಮುಂದುವರಿಸಿ" ಎಂದಳು, ಆಮೇಲೆ ಅದನ್ನೇ ವಾಕ್ಯವಾಗಿ ಬರೆದುಕೊಂಡಳು. ಡಿಸ್ಗೈಸ್ ಎಂದರೆ ಗುರುತು ಸಿಗದ ಹಾಗೆ ವೇಷ ಹಾಕುವುದು. ಗಂಡನ ಖಾಕಿ ಅಂಗಿ, ಟೋಪಿ ಹಾಕಿಕೊಂಡು ಬೀದಿಯ ತುದಿಯವರೆಗೆ ನಡೆದು ಬಂದಳು. ದಿನಸಿ ಅಂಗಡಿಯವನು, "ಏನು ಇಸ್ತ್ರಿಯಮ್ಮ, ಯಜಮಾನ್ರಿಗೆ ಹುಷಾರಿಲ್ವಾ, ಡ್ಯೂಟಿಗೆ ನೀವೇ ಹೊರಟಿರಾ?" ಎಂದ. ಅವಳು ಸತ್ಯವನ್ನೇ ಬರೆದಳು: ನಾನು ಒಂದು ದಿನ ವೇಷ ಮರೆಸಿಕೊಂಡು ಹೋದೆ, ಎಲ್ಲರೂ ನನ್ನನ್ನು ಗುರುತು ಹಿಡಿದರು. ವಾಲ್ಕೆನೋಗೆ ಮಾತ್ರ ಏನೂ ಮಾಡಲಾಗಲಿಲ್ಲ. ನಾನು ಬೆಂಕಿಯುಗುಳುವ ಬೆಟ್ಟವನ್ನು ನೋಡಿಲ್ಲ ಎಂದು ಬರೆದು, ಇದ್ದ ಒಂದೇ 'ಇಲ್ಲ'ವನ್ನು ಅಲ್ಲಿ ಖರ್ಚು ಮಾಡಿಬಿಟ್ಟಳು.

ಹೀಗೆ ಮೂವತ್ತೊಂಬತ್ತು ತುಂಬಿದವು. ನಲವತ್ತನೆಯದು ಗ್ರಡ್ಜ್.

ಆ ಮಂಗಳವಾರ ಮೇಷ್ಟ್ರು ಅದರ ಅರ್ಥವನ್ನು ನಿಧಾನವಾಗಿ ಬಿಡಿಸಿ ಹೇಳಿದರು. "ಯಾರೋ ನಿಮಗೆ ಅನ್ಯಾಯ ಮಾಡಿರ್ತಾರೆ. ನೀವು ಜಗಳ ಆಡೋದಿಲ್ಲ, ಬಿಡೋದೂ ಇಲ್ಲ. ಒಳಗೇ ಇಟ್ಟುಕೊಳ್ತೀರಿ. ವರ್ಷಗಟ್ಟಲೆ. ಆ ಹಳೇ ಮುನಿಸೇ ಗ್ರಡ್ಜ್. ಇದು ಎಲ್ಲರ ಹತ್ರಾನೂ ಇರುತ್ತಮ್ಮ, ಐದು ನಿಮಿಷದ ಕೆಲಸ."

ಇಸ್ತ್ರಿಯಮ್ಮ ಕಣ್ಣು ಮುಚ್ಚಿ ಒಳಗೆಲ್ಲ ಹುಡುಕಿದಳು. ಬೀರು ಖಾಲಿ ಮಾಡಿದ ಹಾಗಿತ್ತು.

ಕಾರಣವಿಷ್ಟೇ. ಪ್ರತಿ ಸಂಜೆ ಇಸ್ತ್ರಿಯ ಸ್ವಿಚ್ಚು ಆರಿಸುವಾಗ ಅವಳು ಒಂದು ಗಳಿಗೆ ನಿಂತು, ಅಂದು ತನ್ನ ಮೇಲೆ ರೇಗಿದವರನ್ನು, ತಳ್ಳಿದವರನ್ನು, ಆಡಿಕೊಂಡವರನ್ನು ಒಬ್ಬೊಬ್ಬರಾಗಿ ನೆನೆದು, ದೇವರೇ, ಇವರದ್ದೂ ಆರಿಸಿದೆ ಎನ್ನುತ್ತಿದ್ದಳು. ಹತ್ತೊಂಬತ್ತು ವರ್ಷದ ಅಭ್ಯಾಸ. ಮರುದಿನಕ್ಕೆ ಒಂದೂ ಉಳಿಯುತ್ತಿರಲಿಲ್ಲ.

"ನನ್ನ ಹತ್ರ ಇಲ್ಲ ಮೇಷ್ಟ್ರೇ."

"ಚೆನ್ನಾಗಿ ನೋಡಿ. ಅತ್ತೆ?"

"ದೇವರಂಥವರು."

"ಹಾಗಾದ್ರೆ ಸುಮ್ನೆ ಏನೋ ಒಂದು ಬರೀರಿ. ನಿಜವೋ ಸುಳ್ಳೋ ಅಂತ ಯಾರು ಬಂದು ನೋಡ್ತಾರೆ?"

ಇಸ್ತ್ರಿಯಮ್ಮ ಅವರ ಮುಖವನ್ನೇ ನೋಡಿದಳು. "ನಿಮ್ಮ ಬದುಕಿನಿಂದಲೇ ಬರೀಬೇಕು ಅಂತ ಹೇಳಿದ್ದು ನೀವೇ ಅಲ್ವಾ?" ಎಂದಳು. ಮೇಷ್ಟ್ರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

ಸುದ್ದಿ ಲಾಂಡ್ರಿಗೆಲ್ಲ ಹಬ್ಬಿತು. ಪಾಪ, ಇಸ್ತ್ರಿಯಮ್ಮನ ಬಳಿ ಒಂದು ಮುನಿಸೂ ಇಲ್ಲವಂತೆ. ಎಲ್ಲರಿಗೂ ಮರುಕವಾಯಿತು. ಗುಂಡಿ ಚಿಕ್ಕಮ್ಮ ಅವಳ ತೋಳು ಹಿಡಿದು, "ಯೋಚನೆ ಮಾಡ್ಬೇಡ ಕಣೇ. ನಾನು ನಿನಗೆ ಒಂದು ಅನ್ಯಾಯ ಮಾಡ್ತೀನಿ. ನೀನು ನೋಡದ ಹಾಗೆ ಆ ಕಡೆ ತಿರುಗು" ಎಂದಳು. ಇಸ್ತ್ರಿಯಮ್ಮ ತಿರುಗಿದಳು. ಚಿಕ್ಕಮ್ಮ ಅವಳ ಊಟದ ಡಬ್ಬಿ ತೆಗೆದು ಎಲ್ಲವನ್ನೂ ತಿಂದು, ಡಬ್ಬಿಯನ್ನು ತೊಳೆಯದೆ ಇಟ್ಟಳು. ಹಲ್ಲಿಲ್ಲದ ಬಾಯಲ್ಲಿ ಅಷ್ಟು ತಿನ್ನುವುದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಇಸ್ತ್ರಿಯಮ್ಮ ಗೋಡೆ ನೋಡಿಕೊಂಡೇ ನಿಂತಿದ್ದಳು.

"ಈಗ ಹೇಗನಿಸ್ತಿದೆ?"

"ಇಷ್ಟು ಹಸಿದಿದ್ರಾ ಚಿಕ್ಕಮ್ಮ? ಬೆಳಿಗ್ಗೆ ಏನೂ ತಿಂದಿರಲಿಲ್ವಾ?"

ಮರುದಿನ ಅವಳು ಎರಡು ಡಬ್ಬಿ ತಂದಳು. ಚಿಕ್ಕಮ್ಮ ತಲೆ ಚಚ್ಚಿಕೊಂಡು ತನಗಾಗಿ ತಂದ ಡಬ್ಬಿಯನ್ನೂ ಖಾಲಿ ಮಾಡಿದಳು.

ಬುಧವಾರ ವ್ಯಾನಿನ ಡ್ರೈವರಣ್ಣ ಬಂದ. ಅವನ ನಾಲಗೆ ಇಡೀ ಬೀದಿಯಲ್ಲಿ ಹೆಸರಾದದ್ದು. ಕಟ್ಟು ಹೊರುವಾಗ ಎಲ್ಲರಿಗೂ ಕೇಳುವ ಹಾಗೆ, "ಇದೇನು ಇಸ್ತ್ರಿನಾ? ಹೊದಿಕೆ ಅಂಚು ನೋಡಿದ್ರೆ ಕತ್ತೆ ಮೇದು ಬಿಟ್ಟ ಹಾಗಿದೆ" ಎಂದ. ಅಷ್ಟು ಹೇಳುವುದಕ್ಕೆ ಅವನು ಮನೆಯಲ್ಲಿ ಎರಡು ಸಲ ಅಭ್ಯಾಸ ಮಾಡಿದ್ದನಂತೆ. ಇಸ್ತ್ರಿಯಮ್ಮ ಹೊದಿಕೆಯನ್ನು ಬಿಡಿಸಿ ಬೆಳಕಿಗೆ ಹಿಡಿದಳು. ಅಂಚು ನಿಜವಾಗಿಯೂ ಸೊಟ್ಟಗಿತ್ತು. "ನೀನು ಹೇಳದೆ ಇದ್ದಿದ್ರೆ ಹೀಗೇ ಹೋಗ್ತಿತ್ತಲ್ಲಪ್ಪ" ಎಂದು ಇಡೀ ಕಟ್ಟನ್ನು ಮತ್ತೆ ಇಸ್ತ್ರಿ ಮಾಡಿದಳು. ಡ್ರೈವರಣ್ಣ ಒಂದು ಗಂಟೆ ತಡವಾಗಿ ಹೊರಟು ಹೋಟೆಲಿನವರ ಕೈಲಿ ಬೈಸಿಕೊಂಡ. ಮುನಿಸು ಹುಟ್ಟಿದ್ದು ಅವನಲ್ಲಿ, ಅದೂ ಹೋಟೆಲಿನವರ ಮೇಲೆ. ಅವಳ ನೋಟ್‌ಬುಕ್ಕಿಗೆ ಅದು ಬಾರದು.

ಗುರುವಾರ ಸಂಜೆ ಗಂಡ ಎದುರಿಗೆ ಕೂತ. ಜೇಬಿನಿಂದ ಒಂದು ಕಾಗದ ತೆಗೆದ. ಡಿಪೋದಲ್ಲಿ ಬಸ್ಸು ನಿಂತಾಗಲೆಲ್ಲ ಕೂತು ಪಟ್ಟಿ ಮಾಡಿದ್ದನಂತೆ.

"ಮದುವೆಯಾದ ಹೊಸದರಲ್ಲಿ ನಿನ್ನ ತಮ್ಮನನ್ನ ನಾನು ದಡ್ಡ ಅಂದಿದ್ದೆ."

"ಅವನು ದಡ್ಡನೇ ಅಲ್ವೇನ್ರೀ."

"ನೀನು ಜ್ವರದಲ್ಲಿ ಮಲಗಿದ್ದಾಗ ನಾನು ಸ್ನೇಹಿತರ ಜತೆ ಸಿನಿಮಾಕ್ಕೆ ಹೋಗಿದ್ದೆ."

"ಹೌದಾ? ಯಾವಾಗ?"

ಗಂಡ ಕಾಗದ ಕೆಳಗಿಟ್ಟ. "ಯಾವಾಗ ಅಂತ ಕೇಳ್ತೀಯಾ? ನಾನು ಅದಕ್ಕೆ ಆರು ತಿಂಗಳು ಒಳಗೊಳಗೇ ಬೆಂದಿದ್ದೀನಿ. ಎದುರಿಗೆ ಕೂತು ಊಟ ಮಾಡೋವಾಗೆಲ್ಲ ಇವಳು ಈಗ ಕೇಳ್ತಾಳೆ, ಆಗ ಕೇಳ್ತಾಳೆ ಅಂತ."

"ಕೇಳ್ಬೇಕಾಗಿತ್ತಾ? ನನಗೆ ಗೊತ್ತಾಗಲಿಲ್ಲ ನೋಡಿ."

ಅವನಿಗೆ ನಿಜವಾಗಿಯೂ ನೋವಾಯಿತು. ಪಟ್ಟಿಯಲ್ಲಿ ಇನ್ನೂ ಹನ್ನೆರಡು ತಪ್ಪುಗಳಿದ್ದವು. ಅವನ್ನು ಓದದೆಯೇ ಮಡಿಸಿ ಜೇಬಿಗೆ ಹಾಕಿಕೊಂಡು ಹೊರಗೆ ಮೆಟ್ಟಿಲ ಮೇಲೆ ಹೋಗಿ ಕೂತ. ಅಲ್ಲಿಗೆ ಮೇಲಿನ ಮನೆಯ ಅತ್ತಿಗೆ ಇಳಿದು ಬಂದಳು, ಏನಪ್ಪ ಮುಖ ಹೀಗಿದೆ ಎಂದಳು, ಅವನು ಎಲ್ಲವನ್ನೂ ಹೇಳಿದ.

ಮೇಲಿನ ಮನೆಯಾಕೆ ಇಸ್ತ್ರಿಯಮ್ಮನ ವಾರಗಿತ್ತಿ, ಗಂಡನ ಅಣ್ಣನ ಹೆಂಡತಿ. ಮನೆಯಲ್ಲೇ ಕೂತು ಪರದೆ ಹೊಲಿಯುತ್ತಾಳೆ. ಮಾತು ಕಡಿಮೆ. ಆಡಿದರೆ ಹೊಲಿಗೆಯ ಹಾಗೆ, ಅಂತರ ಬಿಡದೆ, ನೇರ.

ಶುಕ್ರವಾರ ಬೆಳಿಗ್ಗೆ ಆಕೆ ಕೆಳಗೆ ಬಂದಾಗ ಇಸ್ತ್ರಿಯಮ್ಮ ಅಡುಗೆಮನೆಯಲ್ಲಿ ಮೇಲಿನ ಹಲಗೆಯಿಂದ ಸಕ್ಕರೆ ಡಬ್ಬಿ ತೆಗೆಯುತ್ತಿದ್ದಳು.

"ನಿನಗೆ ಒಂದು ಹಳೇ ಮುನಿಸು ಬೇಕಂತೆ."

"ಹೌದಕ್ಕ. ನಾಳೆಯೇ ಪರೀಕ್ಷೆ. ಎಲ್ಲಿ ಹುಡುಕಿದ್ರೂ ಸಿಗ್ತಿಲ್ಲ."

"ನನ್ನ ಹತ್ರ ಒಂದಿದೆ."

"ನಿಮ್ಮದು ನನಗೆ ಆಗೋದಿಲ್ಲಕ್ಕ. ವಾಕ್ಯದಲ್ಲಿ ನಾನಿರಬೇಕು."

"ನೀನಿದ್ದೀಯ" ಎಂದಳು ವಾರಗಿತ್ತಿ. "ಅದು ನಿನ್ನ ಮೇಲೇ ಇರೋದು. ಹನ್ನೊಂದು ವರ್ಷದ್ದು."

ಇಸ್ತ್ರಿಯಮ್ಮನ ಕೈಯಲ್ಲಿ ಸಕ್ಕರೆ ಡಬ್ಬಿ ಹಾಗೇ ನಿಂತಿತು. ಹನ್ನೊಂದು ವರ್ಷ ಒಂದೇ ಮನೆಯ ಮೆಟ್ಟಿಲು, ಒಂದೇ ನಲ್ಲಿ.

"ನಾನೇನು ಮಾಡಿದೆ ಅಕ್ಕ?"

"ಕಿಟಕಿಗೆ ಪರದೆ ಕಟ್ಬೇಕು, ಒಂದು ಮಧ್ಯಾಹ್ನಕ್ಕೆ ನಿಮ್ಮ ಸ್ಟೂಲು ಕೊಡಿ ಅಂತ ನೀನು ತಗೊಂಡು ಬಂದೆ. ನಮ್ಮಪ್ಪ ನನಗೇ ಅಂತ ಮಾಡಿಕೊಟ್ಟ ಸ್ಟೂಲು. ಅಪ್ಪ ಬಡಗಿ, ಊರಿಗೆಲ್ಲ ಮೇಜು, ಮಂಚ ಮಾಡಿದವರು. ನನಗೆ ಅಂತ ಮಾಡಿದ್ದು ಅದೊಂದೇ. ನಾಳೆ ತಂದುಕೊಡ್ತಾಳೆ ಅಂತ ಕಾದೆ. ಹಬ್ಬದ ಹೊತ್ತಿಗೆ ಕೊಡ್ತಾಳೆ ಅಂದುಕೊಂಡೆ. ಅಪ್ಪ ಹೋದ ದಿನ ಖಂಡಿತ ನೆನಪಾಗುತ್ತೆ ಅಂದುಕೊಂಡೆ. ಕೇಳಬಾರದು, ತಾನಾಗಿ ತರಬೇಕು ಅಂತ ಸುಮ್ನಿದ್ದೆ."

"ಅಯ್ಯೋ ಅಕ್ಕ, ಆ ಸ್ಟೂಲು ಈಗ ಎಲ್ಲಿದೆಯೋ."

"ಅದರ ಮೇಲೇ ನಿಂತಿದ್ದೀಯ."

ಇಸ್ತ್ರಿಯಮ್ಮ ತನ್ನ ಪಾದಗಳನ್ನು ನೋಡಿಕೊಂಡಳು. ಮೂರು ಕಾಲಿನ ಸ್ಟೂಲು, ತುಳಿದು ತುಳಿದು ನಡುವೆ ನುಣುಪಾಗಿತ್ತು. ಬೆಂಕಿಯ ಮೇಲೆ ನಿಂತವಳ ಹಾಗೆ ಇಳಿದಳು. ಬೇರೆಯವರ ತಪ್ಪುಗಳನ್ನು ಸಂಜೆ ಸಂಜೆ ಆರಿಸುತ್ತ ಬಂದ ಆ ಕೈಯಲ್ಲೇ ನನ್ನದನ್ನೂ ಆರಿಸಿಬಿಟ್ಟಿದ್ದೆನಲ್ಲ ಎಂದು ಅವಳಿಗೆ ಆಗ ಹೊಳೆಯಿತು. ಸೆರಗಿನಿಂದ ಸ್ಟೂಲನ್ನು ಒರೆಸಿ ಎತ್ತಿಕೊಂಡಳು. "ತಗೊಳ್ಳಿ ಅಕ್ಕ, ನನ್ನದು ತ..."

"ಬಾಯಿ ಮುಚ್ಚು" ಎಂದಳು ವಾರಗಿತ್ತಿ. "ಸ್ಟೂಲು ಕೆಳಗಿಡು. ಈಗ ನೀನು ಅದನ್ನ ಕೊಟ್ಟು, ತಪ್ಪಾಯ್ತು ಅಂದ್ರೆ ನನ್ನ ಸಿಟ್ಟು ಹೋಗುತ್ತೆ. ನಾಳೆ ನಿನ್ನ ವಾಕ್ಯ ಸುಳ್ಳಾಗುತ್ತೆ. ಪರೀಕ್ಷೆ ಮುಗಿಯೋವರೆಗೂ ಕೊಡಬೇಡ. ಕ್ಷಮೆನೂ ಕೇಳಬೇಡ. ಮೊದಲು ಹೋಗಿ ಬರಿ."

ಇಸ್ತ್ರಿಯಮ್ಮ ಬರೆದಳು. ನನ್ನ ವಾರಗಿತ್ತಿ ಹನ್ನೊಂದು ವರ್ಷದಿಂದ ನನ್ನ ಮೇಲೆ ಒಂದು ಮುನಿಸು ಇಟ್ಟುಕೊಂಡಿದ್ದಾಳೆ. ನಲವತ್ತೂ ತುಂಬಿದವು.

ಆಮೇಲೆ ಶುರುವಾಯಿತು ಕಷ್ಟ. ಹನ್ನೊಂದು ವರ್ಷ ಯಾರ ಸಹಾಯವಿಲ್ಲದೆ ಗಟ್ಟಿಯಾಗಿ ನಿಂತಿದ್ದ ಮುನಿಸು, ಬಾಯಿಂದ ಹೊರಗೆ ಬಂದ ಮೇಲೆ ಒಂದು ದಿನ ನಿಲ್ಲುವುದೂ ಕಷ್ಟವಾಯಿತು. ಮಧ್ಯಾಹ್ನದ ಹೊತ್ತಿಗೆ ವಾರಗಿತ್ತಿ ಪರದೆ ಹೊಲಿಯುತ್ತ, 'ಬೆಂಕಿಯ ಮೇಲೆ ನಿಂತವಳ ಹಾಗೆ ಇಳಿದಳಲ್ಲ' ಎಂದು ನೆನೆದು ನಕ್ಕುಬಿಟ್ಟಳು. ತಕ್ಷಣ ಗಾಬರಿಯಾಗಿ ಮೈದುನನನ್ನು ಕೂಗಿದಳು. ಅಂದು ರಜೆ ಹಾಕಿದ್ದ ಅವನಿಗೆ ಮೆಟ್ಟಿಲು ಹತ್ತಿ ಇಳಿಯುವುದೇ ಡ್ಯೂಟಿಯಾಯಿತು.

ಸಂಜೆ ಇಸ್ತ್ರಿಯಮ್ಮ ಮನೆಗೆ ಬಂದಾಗ ಅವನು ಏದುಸಿರು ಬಿಡುತ್ತ ನಿಂತಿದ್ದ. "ಅತ್ತಿಗೆ ಹೇಳಿಕಳಿಸಿದ್ದಾರೆ. ಸ್ಟೂಲಿನ ಮೇಲೆ ಸ್ವಲ್ಪ ನಿಂತುಕೋಬೇಕಂತೆ."

"ಯಾಕ್ರೀ?"

"ಅವರಿಗೆ ಸಿಟ್ಟು ಇಳೀತಾ ಇದೆಯಂತೆ. ನೀನು ನಿಂತಿದ್ದೀಯ ಅಂತ ನಾನು ಹೋಗಿ ಹೇಳಿದ್ರೆ ಸ್ವಲ್ಪ ಏರಬಹುದು ಅಂತ."

ಇಸ್ತ್ರಿಯಮ್ಮ ಕೈಮುಗಿದು, ದೇವರೇ, ಇದೊಂದು ದಿನ ನೋಡಬೇಡ ಎಂದು ಬೇಡಿಕೊಂಡು, ಸ್ಟೂಲಿನ ಮೇಲೆ ಹತ್ತಿ ನಿಂತಳು. ಗಂಡ ಓಡಿದ. ಓಡಿ ಬಂದ.

"ಏನಂದ್ರು?"

"ಚಪ್ಪಲಿ ಹಾಕ್ಕೊಂಡು ನಿಂತಿದ್ದಾಳಾ ಅಂತ ಕೇಳಿದ್ರು. ಇಲ್ಲ, ಬರಿಗಾಲಲ್ಲಿ, ಕೈ ಬೇರೆ ಮುಗಿದಿದ್ದಾಳೆ ಅಂದೆ. ಹಾಳಾಯ್ತು ಅಂತ ಹಣೆ ಚಚ್ಚಿಕೊಂಡ್ರು."

"ಸುಳ್ಳು ಹೇಳೋಕಾಗಲ್ವಲ್ಲ ರೀ."

"ನಿನ್ನ ಜತೆ ಇದ್ದು ಇದ್ದು ನನಗೂ ಬರ್ತಿಲ್ಲ" ಎಂದ ಗಂಡ, ಮೊಣಕಾಲು ನೀವಿಕೊಳ್ಳುತ್ತ.

ಶನಿವಾರ ಪರೀಕ್ಷಕಿ ಬಂದರು. ದಪ್ಪ ಕನ್ನಡಕದ, ನಗದ ಮುಖದ ಹೆಂಗಸು. ಲಾಂಡ್ರಿಯ ಲೆಕ್ಕದ ಕೋಣೆಯಲ್ಲಿ ಕೂತು ಒಂದೊಂದೇ ಪುಟ ತಿರುಗಿಸಿದರು. ಮೀಸೆಯ ವಾಕ್ಯದ ಹತ್ತಿರ ಪೆನ್ನು ಒಂದು ಕ್ಷಣ ನಿಂತು ಮುಂದೆ ಹೋಯಿತು. ವೇಷ ಮರೆಸಿಕೊಂಡ ವಾಕ್ಯದ ಹತ್ತಿರ ಅವರು ಕೆಮ್ಮಿದರು. ಕೆಮ್ಮು ಸ್ವಲ್ಪ ಉದ್ದವಾಯಿತು. ಬಾಗಿಲ ಆಚೆ ಗುಂಡಿ ಚಿಕ್ಕಮ್ಮ, ಡ್ರೈವರಣ್ಣ, ಮೇಷ್ಟ್ರು ಮೂವರೂ ಉಸಿರು ಬಿಗಿಹಿಡಿದು ಕಿವಿಯಾಗಿದ್ದರು.

ನಲವತ್ತನೆಯ ಪದ ಬಂತು.

"ಇದು ನಿಮ್ಮ ಬದುಕಿನ ವಾಕ್ಯವೇ?"

"ಹೌದು ಮೇಡಂ."

"ಎಲ್ಲರೂ ಈ ಪದಕ್ಕೆ ಪುಸ್ತಕದ ವಾಕ್ಯವನ್ನೇ ಕದ್ದು ಬರೀತಾರೆ. ಇದು ನಿಜವೇ? ಈಗಲೂ, ಇವತ್ತೂ, ಆಕೆಗೆ ನಿಮ್ಮ ಮೇಲೆ ಮುನಿಸಿದೆಯೇ?"

ಇಸ್ತ್ರಿಯಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಅಕ್ಕನ ಸಿಟ್ಟು ನಿನ್ನೆ ಸಂಜೆಗೇ ಇಳಿಯುತ್ತಿತ್ತು. ರಾತ್ರಿ ಕಳೆದಿದೆ. ಇದೆ ಎಂದರೆ ಸುಳ್ಳಾಗಬಹುದು, ಇಲ್ಲ ಎಂದರೆ ಕುರ್ಚಿ ಹೋಗುತ್ತದೆ.

"ಒಂದು ನಿಮಿಷ ಮೇಡಂ, ಕೇಳಿ ಹೇಳ್ತೀನಿ" ಎಂದು ಇಸ್ತ್ರಿಯಮ್ಮ ಫೋನು ತೆಗೆದಳು. ಪರೀಕ್ಷಕಿಯ ಪೆನ್ನು ಗಾಳಿಯಲ್ಲೇ ಉಳಿಯಿತು.

"ಅಕ್ಕ, ನಾನು. ಇನ್ನೂ ಇದೆಯಾ?"

ಫೋನಿನಿಂದ ಬಂದ ದನಿ ಬಾಗಿಲಾಚೆಗೂ ಕೇಳಿಸಿತು. "ಇದೆ. ಬೆಳಿಗ್ಗೆಯಿಂದ ಹಿಡಿದುಕೊಂಡು ಕೂತಿದ್ದೀನಿ. ಒಂದು ಪರದೆನೂ ಹೊಲಿದಿಲ್ಲ. ನೀನು ಅವತ್ತು ನನ್ನ ಹೊಸ ಸೀರೆ ನೋಡಿ ಒಗೆಯೋಕೆ ಚೆನ್ನಾಗಿದೆ ಅಂದಿದ್ದೆಯಲ್ಲ, ಅದನ್ನೂ ಸೇರಿಸಿಕೊಂಡು ಹೇಗೋ ನಿಲ್ಲಿಸಿದ್ದೀನಿ. ಬೇಗ ಮುಗಿಸಮ್ಮ, ನನ್ನ ಕೈಲಿ ಇನ್ನು ಆಗೋದಿಲ್ಲ."

"ಇದೆಯಂತೆ ಮೇಡಂ" ಎಂದಳು ಇಸ್ತ್ರಿಯಮ್ಮ. "ಆದ್ರೆ ಸ್ವಲ್ಪ ಬೇಗ."

ಪರೀಕ್ಷಕಿ ಕನ್ನಡಕ ತೆಗೆದರು. ಮುಖವನ್ನು ನೋಟ್‌ಬುಕ್ಕಿನ ಹಿಂದೆ ಇಟ್ಟುಕೊಂಡರು. ಅವರ ಭುಜಗಳು ಎಷ್ಟೋ ಹೊತ್ತು ಅಲುಗಿದವು. ಮತ್ತೆ ಕಾಣಿಸಿಕೊಂಡಾಗ ಮುಖ ಮೊದಲಿನ ಹಾಗೇ ಇತ್ತು, ಕಣ್ಣು ಮಾತ್ರ ಒದ್ದೆ. ನಲವತ್ತನೆಯ ವಾಕ್ಯದ ಪಕ್ಕ ಗುರುತು ಹಾಕಿ, ಕೊನೆಯ ಪುಟದಲ್ಲಿ ಸಹಿ ಮಾಡಿ, ಮುದ್ರೆ ಒತ್ತಿದರು.

"ಪಾಸು. ಮಾಲೀಕರು ಹೇಳಿದ್ದಾರೆ, ಸೋಮವಾರದಿಂದ ಕುರ್ಚಿ ನಿಮ್ಮದು. ಬೇಕಾದ್ರೆ ಈಗಲೇ ಕೂತು ನೋಡಿ."

ಹೊರಗೆ ಗುಂಡಿ ಚಿಕ್ಕಮ್ಮ ಕುರ್ಚಿಯ ಧೂಳು ಹೊಡೆದು, ತನ್ನ ಶಾಲನ್ನೇ ಮಡಿಸಿ ಹಾಸಿ ಕಾದಿದ್ದಳು. ಇಸ್ತ್ರಿಯಮ್ಮ ಅವಳ ಕೆನ್ನೆ ಮುಟ್ಟಿ, "ಬಂದೆ ಚಿಕ್ಕಮ್ಮ, ಒಂದು ಕೆಲಸ ಬಾಕಿ ಇದೆ" ಎಂದು ಹೊರಟೇಬಿಟ್ಟಳು. ಡ್ರೈವರಣ್ಣ ವ್ಯಾನು ತೆಗೆದ.

ಮನೆಯಲ್ಲಿ ಅವಳು ಸ್ಟೂಲನ್ನು ನಲ್ಲಿಯ ಕೆಳಗಿಟ್ಟು ತೊಳೆದಳು, ಮೂರು ಕಾಲಿನ ಸಂದುಗಳನ್ನೂ ಬಿಡದೆ ಒರೆಸಿದಳು, ಬಿಸಿಲಿಗೆ ಹಿಡಿದು ಆರಿಸಿದಳು. ನಿನ್ನೆಯಿಂದ ಬಾಯಲ್ಲಿ ಹಿಡಿದಿಟ್ಟುಕೊಂಡಿದ್ದ ಮಾತುಗಳು ಮೆಟ್ಟಿಲು ಹತ್ತುವಾಗ ಒಂದೊಂದಾಗಿ ಸಾಲುಗಟ್ಟಿದವು. ಮೇಲಿನ ಮೆಟ್ಟಿಲು ತಲುಪುವ ಹೊತ್ತಿಗೆ ಅವುಗಳಲ್ಲಿ ಯಾವುದೂ ಬೇಕೆನಿಸಲಿಲ್ಲ.

ವಾರಗಿತ್ತಿ ಬಾಗಿಲು ತೆರೆದಳು, ತುಟಿಗಳ ನಡುವೆ ನಾಲ್ಕು ಗುಂಡುಸೂಜಿ ಕಚ್ಚಿಕೊಂಡು. ಒಂದೊಂದಾಗಿ ತೆಗೆದು ಎದೆಯ ಸೆರಗಿಗೆ ಚುಚ್ಚಿಕೊಂಡಳು. ಕೈ ಎರಡೂ ಖಾಲಿಯಾಗುವವರೆಗೆ ಇಸ್ತ್ರಿಯಮ್ಮ ಕಾದಳು. ಆಮೇಲೆ ಸ್ಟೂಲನ್ನು ಆ ಕೈಗಳಲ್ಲಿ ಮೆಲ್ಲಗೆ ಇಟ್ಟಳು.